ಬೂದು ತಂತಿಯಲ್ಲಿ ಕರೆಂಟ್ ಇದೆಯೇ?

ಬ್ರಿಟನ್ನಿನಲ್ಲಿರುವ ಓದುಗರಿಂದ ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದವು: ಬಾಯ್ಲರ್, ರೇಡಿಯೇಟರ್, ಬಿಸಿನೀರಿನ ಸಿಲಿಂಡರ್, ಇವುಗಳ ನಡುವಿನ ಕಂಟ್ರೋಲ್ ವೈರಿಂಗ್. "ಬಾಯ್ಲರ್ ಕೆಟ್ಟಿದೆ" ಎಂದು ಬರೆದಿರುವ ಹಲವರ ಮನೆಯಲ್ಲಿ ಬಾಯ್ಲರ್ ಸರಿಯಾಗಿಯೇ ಇರುವಂತಿದೆ. ಅದಕ್ಕೆ "ಹೊತ್ತಿಕೋ" ಎಂದು ಹೇಳಬೇಕಾದ ಕರೆಂಟ್ ನಡುದಾರಿಯಲ್ಲಿ ಎಲ್ಲೋ ನಿಂತುಬಿಟ್ಟಿದೆ. ಯಾವ ತಂತಿಯಲ್ಲಿ, ಯಾವ ಹೊತ್ತಿನಲ್ಲಿ ಕರೆಂಟ್ ಇರಬೇಕು ಎಂಬುದು ಗೊತ್ತಿದ್ದರೆ ಹೊಸ ಭಾಗ ಕೊಳ್ಳುವ ಮೊದಲೇ ದೋಷ ಸಿಗುತ್ತದೆ.

ಉತ್ತರಗಳಿಗೆ ಮುನ್ನ ಎಲ್ಲರಿಗೂ ಸೇರಿ ಒಂದು ಮಾತು. ಇಡೀ ಹೀಟಿಂಗ್ ವ್ಯವಸ್ಥೆಗೆ ಕರೆಂಟ್ ಒಂದೇ ಕಡೆಯಿಂದ, 3 ಆಂಪ್ ಫ್ಯೂಸ್ ಇರುವ ಸ್ಪರ್ ಸ್ವಿಚ್ಚಿನಿಂದ ಬರಬೇಕು. ಯಾವ ಮುಚ್ಚಳ ತೆಗೆಯುವ ಮೊದಲೂ ಅದನ್ನು ಆಫ್ ಮಾಡಿ, ಫ್ಯೂಸ್ ಹೊರತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಎರಡು ಮೊನೆಯ ಟೆಸ್ಟರನ್ನು ಮೊದಲು ಕರೆಂಟ್ ಇದೆ ಎಂದು ಗೊತ್ತಿರುವ ಕಡೆ ಹಿಡಿದು ನೋಡಿ, ನಂತರ ನೀವು ಮುಟ್ಟಬೇಕಾದ ಜಾಗದಲ್ಲಿ ನೋಡಿ, ಮತ್ತೆ ಮೊದಲಿನ ಕಡೆ ನೋಡಿ. ನಡುವೆ ಟೆಸ್ಟರೇ ಕೆಟ್ಟಿದ್ದರೆ ಗೊತ್ತಾಗುವುದು ಹೀಗೆ ಮಾತ್ರ. ಕೆಳಗೆ ಹೇಳಿರುವ ಹಲವು ಪರೀಕ್ಷೆಗಳನ್ನು ಕರೆಂಟ್ ಹರಿಯುತ್ತಿರುವಾಗಲೇ ಮಾಡಬೇಕು. ಆ ಅಭ್ಯಾಸ ಇಲ್ಲದವರು ಈ ಪುಟವನ್ನು ಎಲೆಕ್ಟ್ರಿಷಿಯನ್ ಕೈಗೆ ಕೊಡಿ, ಖಂಡಿತ ತಾವೇ ಕೈಹಾಕಬೇಡಿ. ಬಾಯ್ಲರಿನ ಒಳಕವಚವನ್ನಂತೂ ಗ್ಯಾಸ್ ಸೇಫ್ (ಬ್ರಿಟನ್ನಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರು ಮಾತ್ರ ತೆರೆಯಬೇಕು.

ಪ್ರಶ್ನೆ: ನಮ್ಮ ಮನೆಯಲ್ಲಿ ಹೀಟಿಂಗ್ ಮಾತ್ರ ಆನ್ ಮಾಡಿದರೆ ಏನೂ ಆಗುವುದಿಲ್ಲ. ಬಿಸಿನೀರನ್ನೂ ಆನ್ ಮಾಡಿದರೆ ರೇಡಿಯೇಟರ್‌ಗಳು ಬಿಸಿಯಾಗುತ್ತವೆ. ಮೂರು ವಾರದ ಹಿಂದೆ ಗೋಡೆಯ ಪ್ರೋಗ್ರಾಮರ್ (ಹೀಟಿಂಗ್, ಬಿಸಿನೀರಿನ ಹೊತ್ತು ನಿಗದಿ ಮಾಡುವ ಪೆಟ್ಟಿಗೆ) ಬದಲಿಸಿದ್ದೆವು. ಸಿಲಿಂಡರ್ ಪಕ್ಕದಲ್ಲಿ ಮೂರು ಪೈಪ್ ಸೇರುವ ಕಡೆ ಒಂದೇ ಒಂದು ಮೋಟಾರ್ ವಾಲ್ವ್ ಇದೆ. ವಾಲ್ವ್ ಬದಲಿಸಬೇಕೇ?

ಉತ್ತರ: ಈಗಲೇ ಬೇಡ. ಒಂದೇ ಮೂರು-ಬಾಯಿಯ ವಾಲ್ವ್ ಇದೆ ಎಂದರೆ ನಿಮ್ಮದು ವೈ ಪ್ಲಾನ್, ಅಂದರೆ ಹೀಟಿಂಗಿಗೂ ಸಿಲಿಂಡರಿಗೂ ಒಂದೇ ವಾಲ್ವ್ ನೀರು ಹಂಚುವ ಪದ್ಧತಿ. ಅದರ ತಲೆಯಿಂದ (ಮೋಟಾರ್ ಇರುವ ಮೇಲ್ಭಾಗ) ಐದು ತಂತಿಗಳು ಹೊರಬರುತ್ತವೆ. ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಉಳಿದ ಮೂರು, ಅಂದರೆ ಬಿಳಿ, ಬೂದು ಮತ್ತು ಕಿತ್ತಳೆ, ಇವುಗಳಲ್ಲೇ ಎಲ್ಲ ಗುಟ್ಟೂ ಇರುವುದು.

ಕರೆಂಟ್ ಇಲ್ಲದಾಗ ಒಳಗಿನ ಸ್ಪ್ರಿಂಗ್ ವಾಲ್ವನ್ನು ಸಿಲಿಂಡರಿನ ಕಡೆಗೆ ತೆರೆದಿಡುತ್ತದೆ. ಹಾಗಾಗಿ ಬಿಸಿನೀರು ಮಾತ್ರ ಬೇಕಾದಾಗ ವಾಲ್ವ್ ಅಲುಗುವುದೇ ಇಲ್ಲ. ಸಿಲಿಂಡರಿನ ಥರ್ಮೋಸ್ಟ್ಯಾಟ್ ನೇರವಾಗಿ ಬಾಯ್ಲರಿಗೂ ಪಂಪಿಗೂ ಕರೆಂಟ್ ಕೊಡುತ್ತದೆ. ಕೋಣೆಯ ಥರ್ಮೋಸ್ಟ್ಯಾಟ್ ಶಾಖ ಕೇಳಿದಾಗ ಬಿಳಿ ತಂತಿಗೆ ಕರೆಂಟ್ ಬರುತ್ತದೆ. ಬಿಳಿಗೆ ಮಾತ್ರ ಬಂದರೆ ವಾಲ್ವ್ ಅರ್ಧ ತಿರುಗಿ ನಡುವೆ ನಿಲ್ಲುತ್ತದೆ, ನೀರು ಎರಡೂ ಕಡೆ ಹೋಗುತ್ತದೆ. ಬೂದು ತಂತಿಯ ಕೆಲಸ ಬೇರೆ: "ಬಿಸಿನೀರು ಈಗ ಬೇಡ" ಎಂದು ತಿಳಿಸುವುದು. ಬಿಳಿ, ಬೂದು ಎರಡರಲ್ಲೂ ಕರೆಂಟ್ ಇದ್ದಾಗ ಮಾತ್ರ ವಾಲ್ವ್ ಪೂರ್ತಿ ಕೊನೆಯವರೆಗೆ ತಿರುಗಿ ಸಿಲಿಂಡರಿನ ದಾರಿ ಮುಚ್ಚುತ್ತದೆ. ಹಾಗೆ ಕೊನೆ ಮುಟ್ಟಿದಾಗ ಒಳಗಿನ ಮೈಕ್ರೋಸ್ವಿಚ್ ಒತ್ತಿ ಕಿತ್ತಳೆ ತಂತಿಗೆ ಕರೆಂಟ್ ದಾಟುತ್ತದೆ, ಬಾಯ್ಲರ್ ಹೊತ್ತಿಕೊಳ್ಳುತ್ತದೆ.

ಈಗ ನಿಮ್ಮ ಮನೆಯ ಲಕ್ಷಣಕ್ಕೆ ಬನ್ನಿ. ಬೂದು ತಂತಿಗೆ ಕರೆಂಟ್ ಬರದಿದ್ದರೆ ವಾಲ್ವ್ ನಡುವಿನಲ್ಲೇ ನಿಲ್ಲುತ್ತದೆ. ನಡುವಿನಲ್ಲಿ ನಿಂತಾಗ ಕಿತ್ತಳೆಗೆ ವಾಲ್ವಿನಿಂದ ಕರೆಂಟ್ ಬರುವುದಿಲ್ಲ, ಸಿಲಿಂಡರ್ ಥರ್ಮೋಸ್ಟ್ಯಾಟ್ ಕೊಟ್ಟರೆ ಮಾತ್ರ ಬಂತು. ಬಿಸಿನೀರು ಆನ್ ಇದ್ದಾಗ ಮಾತ್ರ ನಿಮ್ಮ ರೇಡಿಯೇಟರ್ ಬಿಸಿಯಾಗುವುದು ಈ ಕಾರಣಕ್ಕೇ ಇರಬಹುದು. ಇತ್ತೀಚೆಗೆ ಪ್ರೋಗ್ರಾಮರ್ ಬದಲಿಸಿದ್ದೆವು ಎಂದಿದ್ದೀರಿ, ಆದ್ದರಿಂದ ಮೊದಲ ಅನುಮಾನ ಅದರ ಹಿಂಬದಿಯ ಪ್ಲೇಟಿನ ಮೇಲೆ. ಸಾಮಾನ್ಯ ಅಳತೆಯ ಪ್ಲೇಟಿನಲ್ಲಿ ನ್ಯೂಟ್ರಲ್, ಲೈವ್ ಆದ ಮೇಲೆ 1ರಿಂದ 4ರವರೆಗೆ ಟರ್ಮಿನಲ್‌ಗಳಿವೆ. 1 ಬಿಸಿನೀರು ಆಫ್, 2 ಹೀಟಿಂಗ್ ಆಫ್, 3 ಬಿಸಿನೀರು ಆನ್, 4 ಹೀಟಿಂಗ್ ಆನ್. "ಆಫ್ ಎಂದರೆ ಅಲ್ಲಿಗೆ ತಂತಿ ಯಾಕೆ?" ಎಂದುಕೊಂಡು 1ನೇ ಟರ್ಮಿನಲ್ಲಿನ ತಂತಿಯನ್ನು ಟೇಪು ಸುತ್ತಿ ಬಿಟ್ಟುಬಿಡುವುದು ತುಂಬ ಸಾಮಾನ್ಯವಾದ ತಪ್ಪು. ವೈ ಪ್ಲಾನ್‌ನಲ್ಲಿ ಆ ತಂತಿ ಬೇಕೇ ಬೇಕು, ಬೂದು ತಂತಿಗೆ ಜೀವ ಅಲ್ಲಿಂದಲೇ.

ಅಲ್ಲಿ ಸರಿಯಿದ್ದರೆ ಅಳತೆಗೆ ಇಳಿಯೋಣ. ಬಿಸಿನೀರು ಆಫ್, ಹೀಟಿಂಗ್ ಆನ್, ಕೋಣೆಯ ಥರ್ಮೋಸ್ಟ್ಯಾಟ್ ಪೂರ್ತಿ ಮೇಲಕ್ಕೆ. ಒಂದು ನಿಮಿಷ ಬಿಟ್ಟು, ಎಲ್ಲ ತಂತಿಗಳೂ ಕೂಡುವ ಜಂಕ್ಷನ್ ಪೆಟ್ಟಿಗೆಯಲ್ಲಿ ನ್ಯೂಟ್ರಲ್‌ಗೆ ಎದುರಾಗಿ ಮೂರೂ ತಂತಿಗಳ ವೋಲ್ಟೇಜ್ ನೋಡಿ. ಬಿಳಿಯಲ್ಲಿ 230 ವೋಲ್ಟ್ ಇಲ್ಲದಿದ್ದರೆ ತಪ್ಪು ಕೋಣೆಯ ಥರ್ಮೋಸ್ಟ್ಯಾಟಿನಲ್ಲೋ ಪ್ರೋಗ್ರಾಮರಿನ 4ನೇ ಟರ್ಮಿನಲ್ಲಿನಲ್ಲೋ ಇದೆ. ಬಿಳಿಯಲ್ಲಿ ಇದ್ದು ಬೂದಿನಲ್ಲಿ ಇಲ್ಲದಿದ್ದರೆ ಮೇಲೆ ಹೇಳಿದ 1ನೇ ಟರ್ಮಿನಲ್ಲಿನ ದಾರಿ ಹುಡುಕಿ. ಎರಡರಲ್ಲೂ ಇದ್ದು ಕಿತ್ತಳೆಯಲ್ಲಿ ಇಲ್ಲದಿದ್ದರೆ ಆಗ ವಾಲ್ವಿನ ಮೇಲೆ ಅನುಮಾನ ಪಡಿ. ಕಿತ್ತಳೆಯಲ್ಲೂ ಇದ್ದು ಬಾಯ್ಲರ್ ಸುಮ್ಮನಿದ್ದರೆ ವಾಲ್ವ್ ತನ್ನ ಕೆಲಸ ಮಾಡಿದೆ, ಬಾಯ್ಲರ್ ಕಡೆ ನಡೆಯಿರಿ.

ವಾಲ್ವಿನ ಪರೀಕ್ಷೆಗೆ ಅದರ ಪಕ್ಕದ ಪುಟ್ಟ ಲೀವರ್ ಸಾಕು. ಕರೆಂಟ್ ಇಲ್ಲದಾಗ ಅದನ್ನು ಬೆರಳಿನಿಂದ ಸರಿಸಿದರೆ ಒಳಗಿನ ಗಿಯರ್‌ಗಳು ನಿಧಾನವಾಗಿ, ಜಗ್ಗುತ್ತ ತಿರುಗುವುದು ಬೆರಳಿಗೆ ತಿಳಿಯುತ್ತದೆ. ಬಿಟ್ಟರೆ ಹಿಂದಕ್ಕೆ ಹೋಗುತ್ತದೆ. ಬಿಳಿ, ಬೂದು ಎರಡಕ್ಕೂ ಕರೆಂಟ್ ಇದ್ದು ವಾಲ್ವ್ ಕೊನೆ ಮುಟ್ಟಿದ್ದರೆ ಲೀವರ್ ಯಾವ ಹಿಡಿತವೂ ಇಲ್ಲದೆ ಸಡಿಲವಾಗಿ ಆಡುತ್ತದೆ. ಸಡಿಲವಾಗಿದ್ದೂ ಕಿತ್ತಳೆಯಲ್ಲಿ ಕರೆಂಟ್ ಇಲ್ಲ ಎಂದರೆ ಮೈಕ್ರೋಸ್ವಿಚ್ ಸತ್ತಿದೆ. ಲೀವರಿನಲ್ಲಿ ಇನ್ನೂ ಬಿಗಿ ಇದ್ದರೆ ಮೋಟಾರ್ ತಿರುಗುತ್ತಿಲ್ಲ, ಇಲ್ಲವೇ ಕೆಳಗಿನ ಹಿತ್ತಾಳೆ ದೇಹದಲ್ಲಿ ಕಡ್ಡಿ ಹಿಡಿದುಕೊಂಡಿದೆ. ತಲೆ ಬಿಚ್ಚಲು ಬರುವ ಮಾದರಿಯಾದರೆ ಸ್ಕ್ರೂ ತೆಗೆದು ಆ ಕಡ್ಡಿಯನ್ನು ಬೆರಳಲ್ಲೇ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ತಲೆ ಮಾತ್ರ ಬದಲಿಸಿದರೆ ಸಾಕು, ನೀರು ಖಾಲಿ ಮಾಡುವ ರಗಳೆ ಇಲ್ಲ. ಬಿಗಿಯಾಗಿದ್ದರೆ ಹೊಸ ತಲೆ ಹಾಕಿದರೂ ಅದರ ಮೋಟಾರ್ ಬೇಗ ಸುಡುತ್ತದೆ. ಇಡೀ ವಾಲ್ವನ್ನೇ ಬದಲಿಸಿ.

ಇನ್ನೊಂದು ಲಕ್ಷಣವನ್ನು ಇದರ ಜೊತೆ ಬೆರೆಸಬೇಡಿ. ಎರಡೂ ಆನ್ ಇದ್ದಾಗ ಹೀಟಿಂಗ್ ಚೆನ್ನಾಗಿ ನಡೆದು, ಸಿಲಿಂಡರ್ ಬಿಸಿಯಾದ ಕೂಡಲೇ ರೇಡಿಯೇಟರ್‌ಗಳೂ ತಣ್ಣಗಾಗುತ್ತವೆ, ಆದರೆ ಬಿಸಿನೀರನ್ನು ಪ್ರೋಗ್ರಾಮರಿನಲ್ಲೇ ಆಫ್ ಮಾಡಿದರೆ ಹೀಟಿಂಗ್ ಮತ್ತೆ ಬರುತ್ತದೆ ಎಂದಾದರೆ 1ನೇ ಟರ್ಮಿನಲ್ ಸರಿಯಿದೆ. ಸಿಲಿಂಡರ್ ಥರ್ಮೋಸ್ಟ್ಯಾಟಿನಿಂದ ಬೂದು ತಂತಿಗೆ ಹೋಗುವ ಮೂರನೇ ತಂತಿಯೇ ಇಲ್ಲ, ಅಥವಾ ಅದು ಸಡಿಲವಾಗಿದೆ. ವೈ ಪ್ಲಾನ್‌ನಲ್ಲಿ ಆ ಥರ್ಮೋಸ್ಟ್ಯಾಟಿಗೆ ಎರಡು ತಂತಿ ಸಾಲದು, ಮೂರು ಬೇಕು.

ಪ್ರಶ್ನೆ: ಬೇಸಿಗೆಯಲ್ಲಿ ಎಲ್ಲವೂ ಆಫ್ ಇದ್ದಾಗಲೂ ನಮ್ಮ ಮೂರು-ಬಾಯಿಯ ವಾಲ್ವಿನ ತಲೆ ಮುಟ್ಟಿದರೆ ಬೆಚ್ಚಗಿರುತ್ತದೆ. ಅಪಾಯವೇ?

ಉತ್ತರ: ಅಲ್ಲ. ಬಿಸಿನೀರು ಆಫ್ ಎಂದರೆ ಬೂದು ತಂತಿಗೆ ಕರೆಂಟ್ ಇದೆ ಎಂದೇ ಅರ್ಥ. ಕೊನೆಯ ಸಲ ಹೀಟಿಂಗ್ ಮಾತ್ರ ನಡೆದಿದ್ದರೆ ವಾಲ್ವ್ ಅದೇ ಕಡೆ ನಿಂತಿರುತ್ತದೆ, ಮೋಟಾರನ್ನು ಸಣ್ಣ ಕರೆಂಟ್ ಹಿಡಿದಿಟ್ಟಿರುತ್ತದೆ. ಬಿಸಿನೀರನ್ನು ಒಮ್ಮೆ ಆನ್ ಮಾಡಿದಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತರಬೇಕು, ಅದನ್ನಷ್ಟೇ ನೋಡಿಕೊಳ್ಳಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಸುಟ್ಟ ವಾಸನೆ ಬಂದರೆ, ಪ್ಲಾಸ್ಟಿಕ್ ಕಂದಿದ್ದರೆ ಮಾತ್ರ ಸ್ಪರ್ ಆಫ್ ಮಾಡಿ ತಲೆ ಬದಲಿಸಿ.

ಪ್ರಶ್ನೆ: ಪ್ರೋಗ್ರಾಮರಿನಲ್ಲಿ ಎರಡೂ ಆಫ್. ಆದರೂ ಬಾಯ್ಲರ್ ಉರಿಯುತ್ತಲೇ ಇದೆ. ನಮ್ಮಲ್ಲಿ ಎರಡು ವಾಲ್ವ್‌ಗಳಿವೆ, ಒಂದು ಹೀಟಿಂಗಿಗೆ, ಒಂದು ಸಿಲಿಂಡರಿಗೆ. ಎರಡನ್ನೂ ಬದಲಿಸಿ ಎಂದು ಒಬ್ಬರು ಹೇಳಿದರು.

ಉತ್ತರ: ಮೊದಲು ಉರಿಯುತ್ತಿರುವುದು ಬರ್ನರೋ, ತಿರುಗುತ್ತಿರುವುದು ಪಂಪ್ ಮಾತ್ರವೋ ಎಂದು ಖಚಿತ ಮಾಡಿಕೊಳ್ಳಿ. ಬರ್ನರ್ ನಿಂತ ಮೇಲೂ ಒಳಗಿನ ಶಾಖ ಹೊರಹಾಕಲು ಪಂಪ್ ಕೆಲವು ನಿಮಿಷ ಓಡುವುದು ಸಹಜ. ಕೊರೆಯುವ ಚಳಿಯಲ್ಲಿ ಬಾಯ್ಲರ್ ತನ್ನೊಳಗಿನ ನೀರು ಹೆಪ್ಪುಗಟ್ಟದಂತೆ ತಾನೇ ಹೊತ್ತಿಕೊಳ್ಳುವುದೂ ಉಂಟು.

ಇವೆರಡೂ ಅಲ್ಲ ಎಂದಾದರೆ ವೈರಿಂಗ್ ನೋಡಬೇಕು. ಎರಡು ವಾಲ್ವ್ ಇರುವುದರಿಂದ ನಿಮ್ಮದು ಎಸ್ ಪ್ಲಾನ್, ಅಲ್ಲಿ ತಂತಿಗಳ ಅರ್ಥವೇ ಬೇರೆ. ಇಲ್ಲಿ ಬೂದು ತಂತಿಯಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ! ವೈ ಪ್ಲಾನ್ ಅಭ್ಯಾಸವಾದವರು ಎಡವುವುದು ಇಲ್ಲೇ. ಕಂದು ತಂತಿ ಮೋಟಾರಿಗೆ. ವಾಲ್ವ್ ಪೂರ್ತಿ ತೆರೆದಾಗ ಮೈಕ್ರೋಸ್ವಿಚ್ ಬೂದನ್ನು ಕಿತ್ತಳೆಗೆ ಸೇರಿಸುತ್ತದೆ, ಎರಡೂ ವಾಲ್ವ್‌ಗಳ ಕಿತ್ತಳೆ ತಂತಿಗಳು ಒಂದೇ ಟರ್ಮಿನಲ್ಲಿನಲ್ಲಿ ಕೂಡಿ ಬಾಯ್ಲರಿಗೆ ಹೋಗುತ್ತವೆ. ಯಾವುದೇ ಒಂದು ವಾಲ್ವಿನ ಸ್ವಿಚ್ ಅಂಟಿಕೊಂಡರೂ ಬಾಯ್ಲರ್ ನಿಲ್ಲುವುದಿಲ್ಲ.

ಎಲ್ಲ ಆಫ್ ಇರುವಾಗ ಎರಡೂ ಕಂದು ತಂತಿಗಳನ್ನು ನೋಡಿ. ಯಾವುದಾದರೂ ಒಂದರಲ್ಲಿ 230 ವೋಲ್ಟ್ ಇದ್ದರೆ ವಾಲ್ವಿನ ತಪ್ಪಲ್ಲ, ಪ್ರೋಗ್ರಾಮರಿನ ರಿಲೇ ಅಂಟಿಕೊಂಡಿದೆ, ಇಲ್ಲವೇ ಬೇರೆಲ್ಲಿಂದಲೋ ಕರೆಂಟ್ ಹಿಂದಕ್ಕೆ ಹರಿಯುತ್ತಿದೆ. ಎರಡರಲ್ಲೂ ಇಲ್ಲದಿದ್ದರೆ ಸ್ಪರ್ ಆಫ್ ಮಾಡಿ, ಕಿತ್ತಳೆ ತಂತಿಗಳನ್ನು ಬೇರ್ಪಡಿಸಿ ಒಂದೊಂದಕ್ಕೂ ಪ್ರತ್ಯೇಕ ಕನೆಕ್ಟರ್ ಹಾಕಿ, ಮತ್ತೆ ಆನ್ ಮಾಡಿ ಅಳೆಯಿರಿ. ಕಂದು ಸತ್ತಿದ್ದು ಕಿತ್ತಳೆ ಜೀವಂತ ಇರುವುದು ಯಾವುದೋ ಆ ವಾಲ್ವ್ ಒಂದನ್ನೇ ನೋಡಿದರೆ ಆಯಿತು. ಅದರ ಲೀವರ್ ಮುಚ್ಚಿದ ಸ್ಥಾನಕ್ಕೆ ಮರಳಿದ್ದರೆ ಸ್ವಿಚ್ ಹೋಗಿದೆ, ತಲೆ ಬದಲಿಸಿ. ಮರಳಿಲ್ಲದಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ದೇಹದೊಳಗಿನ ಕಡ್ಡಿ ಸಿಕ್ಕಿಕೊಂಡಿದೆ. ಎರಡನ್ನೂ ಒಟ್ಟಿಗೆ ಬದಲಿಸುವುದು ಊಹೆಯ ಕೆಲಸ, ಅದಕ್ಕೆ ಹಣ ಸುರಿಯಬೇಡಿ.

ಪ್ರಶ್ನೆ: ಹಳೆಯ ಬಾಯ್ಲರ್ ತೆಗೆದು ಹೊಸದು ಹಾಕಿಸಿದೆವು. ಕೋಣೆ ಬಿಸಿಯಾಗಿ ಥರ್ಮೋಸ್ಟ್ಯಾಟ್ ಆಫ್ ಆದ ಸ್ವಲ್ಪ ಹೊತ್ತಿಗೆ ಬಾಯ್ಲರ್ ಗುಡುಗುಡು ಸದ್ದು ಮಾಡಿ ಅತಿಶಾಖ ಎಂದು ತೋರಿಸಿ ಲಾಕ್ ಆಗುತ್ತದೆ.

ಉತ್ತರ: ನಿಂತ ಮೇಲೆ ಲಾಕ್ ಆಗುತ್ತದೆ ಎಂಬ ನಿಮ್ಮ ಗಮನಿಕೆ ಬಹಳ ಉಪಯುಕ್ತ. ಹೊಸ ಬಾಯ್ಲರುಗಳಲ್ಲಿ ನೀರು ಕಡಿಮೆ, ಲೋಹ ತೆಳು. ಬರ್ನರ್ ಆರಿದಾಗ ಪಂಪೂ ತಕ್ಷಣ ನಿಂತರೆ ಒಳಗೆ ಉಳಿದ ಶಾಖದಲ್ಲೇ ನೀರು ಕುದಿಯುತ್ತದೆ. ಹಾಗಾಗದಂತೆ ಪಂಪನ್ನು ಬಾಯ್ಲರೇ ಓಡಿಸಬೇಕು. ನಿಮ್ಮಲ್ಲಿ ಪಂಪಿನ ಲೈವ್ ತಂತಿ ಹಳೆಯ ರೀತಿಯಲ್ಲಿ ಜಂಕ್ಷನ್ ಪೆಟ್ಟಿಗೆಯ ಕಿತ್ತಳೆ ಟರ್ಮಿನಲ್ಲಿನಲ್ಲೇ ಉಳಿದಿರಬೇಕು.

ಬಾಯ್ಲರಿಗೆ ಐದು ತಂತಿ ಹೋಗಬೇಕು: ಸದಾ ಇರುವ ಲೈವ್, ನ್ಯೂಟ್ರಲ್, ಅರ್ತ್, ಕಿತ್ತಳೆಯಿಂದ ಬರುವ "ಹೊತ್ತಿಕೋ" ಲೈವ್, ಮತ್ತು ಬಾಯ್ಲರಿನಿಂದ ಪಂಪಿಗೆ ಹಿಂದಿರುಗುವ ಲೈವ್. ಹಳೆಯ ಮೂರು ತಂತಿಯ ಕೇಬಲ್ಲನ್ನೇ ಉಳಿಸಿಕೊಂಡಿದ್ದರೆ ಇದು ಸಾಧ್ಯವೇ ಇಲ್ಲ, 0.75 ಚದರ ಮಿಲಿಮೀಟರಿನ, ಶಾಖ ತಡೆಯುವ ಐದು ತಂತಿಯ ಕೇಬಲ್ ಎಳೆಸಿ. ಪಂಪ್ ಬಾಯ್ಲರಿನೊಳಗೇ ಇದ್ದರೆ ಕೊನೆಯ ತಂತಿ ಬೇಡ, ಸದಾ ಇರುವ ಲೈವ್ ಮಾತ್ರ ಬೇಕೇ ಬೇಕು. ಜೊತೆಗೆ ಇನ್ನೊಂದು ನೋಡಿ: ಎಸ್ ಪ್ಲಾನ್‌ನಲ್ಲಿ ಎರಡೂ ವಾಲ್ವ್ ಮುಚ್ಚಿದ ಮೇಲೆ ಪಂಪ್ ಓಡಿದರೂ ನೀರಿಗೆ ದಾರಿ ಎಲ್ಲಿ? ಅದಕ್ಕೆಂದೇ ಹೋಗುವ ಮತ್ತು ಹಿಂದಿರುಗುವ ಪೈಪುಗಳ ನಡುವೆ, ವಾಲ್ವ್‌ಗಳಿಗಿಂತ ಮೊದಲೇ, ಬೈಪಾಸ್ ವಾಲ್ವ್ ಇರಬೇಕು. ವೈರಿಂಗ್ ಸರಿಮಾಡಿದ ಮೇಲೂ ಲಾಕ್ ಆದರೆ ಅದು ಇದೆಯೇ, ಅದರ ಗುಬುಟನ್ನು ಪೂರ್ತಿ ಬಿಗಿದಿಟ್ಟಿದ್ದಾರೆಯೇ ನೋಡಿಸಿ.

ಪ್ರಶ್ನೆ: ಕಾಂಬಿ ಬಾಯ್ಲರಿಗೆ (ಸಿಲಿಂಡರ್ ಇಲ್ಲದೆ ತಾನೇ ಬಿಸಿನೀರು ಕೊಡುವಂಥದ್ದು) ತಂತಿರಹಿತ ಥರ್ಮೋಸ್ಟ್ಯಾಟ್ ಹಾಕಿದೆ. ಜೋಡಿಸಿದ್ದೆಲ್ಲ ಸರಿ ಕಾಣುತ್ತದೆ, ಆದರೆ ಬಾಯ್ಲರ್ ನಿಲ್ಲುವುದೇ ಇಲ್ಲ.

ಉತ್ತರ: ಬಾಯ್ಲರಿನ ಥರ್ಮೋಸ್ಟ್ಯಾಟ್ ಟರ್ಮಿನಲ್‌ಗಳ ನಡುವೆ ಕಾರ್ಖಾನೆಯಲ್ಲೇ ಹಾಕಿದ ಒಂದು ಪುಟ್ಟ ಲಿಂಕ್ ತಂತಿ ಇರುತ್ತದೆ. ಅದನ್ನು ತೆಗೆದಿಲ್ಲ ಅನಿಸುತ್ತದೆ. ಲಿಂಕ್ ಇರುವ ತನಕ ನಿಮ್ಮ ಥರ್ಮೋಸ್ಟ್ಯಾಟ್ ಏನು ಹೇಳಿದರೂ ಬಾಯ್ಲರಿಗೆ ಕೇಳಿಸದು.

ತೆಗೆಯುವ ಮೊದಲು ಬಾಯ್ಲರಿನ ಕೈಪಿಡಿಯಲ್ಲಿ ಆ ಟರ್ಮಿನಲ್ 230 ವೋಲ್ಟಿನದೋ ಕಡಿಮೆ ವೋಲ್ಟಿನದೋ ಓದಿ. 230 ವೋಲ್ಟಿನದಾದರೆ ರಿಸೀವರಿನೊಳಗೆ (ಥರ್ಮೋಸ್ಟ್ಯಾಟಿನ ಸಂದೇಶ ಪಡೆಯುವ ಪೆಟ್ಟಿಗೆ) ಲೈವ್‌ನಿಂದ ಕಾಮನ್ ಟರ್ಮಿನಲ್‌ಗೆ ಲಿಂಕ್ ಹಾಕಿ, ಅದರ ಔಟ್‌ಪುಟ್ಟನ್ನು ಬಾಯ್ಲರಿಗೆ ಕೊಡುತ್ತಾರೆ. ಕಡಿಮೆ ವೋಲ್ಟಿನದಾದರೆ ರಿಸೀವರಿನಲ್ಲಿ ಆ ಲಿಂಕ್ ಇರಲೇಬಾರದು. ಕಾಮನ್ ಮತ್ತು ಔಟ್‌ಪುಟ್ ಬರೀ ಸ್ವಿಚ್ಚಿನಂತೆ ಎರಡು ತಂತಿಯನ್ನು ಕೂಡಿಸಿ ಬಿಡಿಸಬೇಕು ಅಷ್ಟೇ. ಇಲ್ಲಿ ತಪ್ಪಿ 230 ವೋಲ್ಟ್ ಹೊಕ್ಕರೆ ಬಾಯ್ಲರಿನ ಸರ್ಕ್ಯೂಟ್ ಬೋರ್ಡ್ ಆ ಕ್ಷಣವೇ ಸುಡುತ್ತದೆ. ಓಪನ್‌ಥರ್ಮ್ (ಥರ್ಮೋಸ್ಟ್ಯಾಟೂ ಬಾಯ್ಲರೂ ಸಂದೇಶ ಹಂಚಿಕೊಳ್ಳುವ ದಾರಿ) ಎಂದು ಬರೆದಿರುವ ಎರಡು ಟರ್ಮಿನಲ್‌ಗಳಿಗೂ 230 ವೋಲ್ಟ್ ತಗಲಬಾರದು. ಅಲ್ಲಿ ಯಾವ ತಂತಿ ಯಾವ ಕಡೆ ಎಂಬುದು ಮಾತ್ರ ಮುಖ್ಯವಲ್ಲ.

ಪ್ರಶ್ನೆ: ಬೀದಿಯ ನೀರಿನ ಪೈಪಿನ ಒತ್ತಡದಲ್ಲೇ ನಡೆಯುವ ನಮ್ಮ ಸಿಲಿಂಡರಿನಲ್ಲಿ ಬಿಸಿನೀರು ಬರುತ್ತಿಲ್ಲ, ರೇಡಿಯೇಟರ್ ಬಿಸಿಯಿವೆ. ಸಿಲಿಂಡರಿನ ಮುಚ್ಚಳದೊಳಗೆ ಕೆಂಪು ಗುಂಡಿ ಒತ್ತಿದರೆ ಎರಡು ದಿನ ಸರಿಯಾಗುತ್ತದೆ, ಮತ್ತೆ ಅದೇ ಕಥೆ.

ಉತ್ತರ: ದಯವಿಟ್ಟು ಇನ್ನು ಒತ್ತಬೇಡಿ. ಅದು ಅತಿಶಾಖದ ಕಾವಲು. ಸಿಲಿಂಡರ್ ವಾಲ್ವಿನ ಕಂದು ತಂತಿಗೆ ಹೋಗುವ ಕರೆಂಟ್ ಮೊದಲು ಮಾಮೂಲಿ ಥರ್ಮೋಸ್ಟ್ಯಾಟನ್ನು, ಆಮೇಲೆ ಈ ಕಾವಲನ್ನು ದಾಟಿಯೇ ಹೋಗುತ್ತದೆ. ಪದೇಪದೇ ಅದು ಹಾರುತ್ತಿದೆ ಎಂದರೆ ನೀರು ನಿಜವಾಗಿಯೂ ಮಿತಿಮೀರಿ ಕಾಯುತ್ತಿರಬಹುದು. ಮಾಮೂಲಿ ಥರ್ಮೋಸ್ಟ್ಯಾಟ್ 60ರಿಂದ 65 ಡಿಗ್ರಿಯಲ್ಲಿ ಕಡಿಯಬೇಕು. 60ಕ್ಕಿಂತ ಕೆಳಗೂ ಇಡಬೇಡಿ, ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಈ ಥರ್ಮೋಸ್ಟ್ಯಾಟಿನ ಸ್ವಿಚ್ ಅಂಟಿಕೊಂಡಿದ್ದರೆ, ಶಾಖ ಅಳೆಯುವ ಅದರ ಕಡ್ಡಿ ತನ್ನ ಗೂಡಿನಿಂದ ಜಾರಿ ಹೊರಬಂದಿದ್ದರೆ, ವಾಲ್ವ್ ಪೂರ್ತಿ ಮುಚ್ಚದೆ ಬಿಸಿನೀರನ್ನು ಸೋರಲು ಬಿಡುತ್ತಿದ್ದರೆ ಹೀಗಾಗುತ್ತದೆ. ಇಮ್ಮರ್ಷನ್ ಹೀಟರ್ (ಸಿಲಿಂಡರಿನೊಳಗೆ ಕರೆಂಟಿನಿಂದ ನೀರು ಕಾಯಿಸುವಂಥದ್ದು) ಆನ್ ಉಳಿದಿದ್ದು ಅದರ ಥರ್ಮೋಸ್ಟ್ಯಾಟ್ ಕೆಟ್ಟಿದ್ದರೂ ಇದೇ ಫಲ. ಕಾವಲನ್ನು ತಂತಿ ಹಾಕಿ ದಾಟಿಸುವುದು ಪ್ರಾಣಾಪಾಯ: ಮುಚ್ಚಿದ ಪಾತ್ರೆಯಲ್ಲಿ ಒತ್ತಡದ ನೀರು ನೂರು ಡಿಗ್ರಿ ಮೀರಿ ಕಾದರೆ ಸಿಲಿಂಡರ್ ಒಡೆದು ಮನೆಯನ್ನೇ ಕೆಡವಬಲ್ಲದು. ಇಂಥ ಸಿಲಿಂಡರಿಗೆ ಬೇರೆಯೇ ಅರ್ಹತೆ ಪಡೆದ ತಂತ್ರಜ್ಞರಿದ್ದಾರೆ, ಅವರನ್ನೇ ಕರೆಸಿ. ಅಲ್ಲಿಯವರೆಗೆ ಬಿಸಿನೀರು ಆಫ್ ಇರಲಿ.

ಪ್ರಶ್ನೆ: 3 ಕಿಲೋವ್ಯಾಟ್ ಇಮ್ಮರ್ಷನ್ ಸುಟ್ಟಿದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡುವುದು ಹೇಗೆ? ಅದನ್ನು ಹೀಟಿಂಗ್ ಸ್ಪರ್‌ಗೇ ಸೇರಿಸಬಹುದೇ?

ಉತ್ತರ: ಕರೆಂಟ್ ಕಡಿದು, ತಂತಿಗಳನ್ನು ಬಿಡಿಸಿ ಎಲಿಮೆಂಟಿನ ಎರಡು ತುದಿಗಳ ನಡುವೆ ಅಳೆಯಿರಿ. 18 ಓಮ್ ಆಸುಪಾಸು ಬಂದರೆ ಸರಿಯಿದೆ, ಏನೂ ತೋರಿಸದಿದ್ದರೆ ತುಂಡಾಗಿದೆ. ತುದಿಯಿಂದ ಅರ್ತ್‌ಗೆ ಯಾವ ದಾರಿಯೂ ಸಿಗಬಾರದು. ಹೀಟಿಂಗ್ ಸ್ಪರ್‌ಗೆ ಸೇರಿಸುವಂತಿಲ್ಲ. ಅದು 13 ಆಂಪ್ ಎಳೆಯುತ್ತದೆ, ನಿಮ್ಮ ಫ್ಯೂಸ್ 3 ಆಂಪಿನದು. ಅದಕ್ಕೆ ಅದರದೇ ಲೈನ್ ಬೇಕು.

ಪ್ರಶ್ನೆ: ಯಾವುದಕ್ಕೂ ಜೋಡಿಸದ ತಂತಿಯಲ್ಲಿ ಮೀಟರ್ 70 ವೋಲ್ಟ್ ತೋರಿಸುತ್ತದೆ, ಪೆನ್ ಟೆಸ್ಟರ್ ಮಿನುಗುತ್ತದೆ. ಎಲ್ಲಿಂದ ಬರುತ್ತಿದೆ?

ಉತ್ತರ: ಪಕ್ಕದ ತಂತಿಯಿಂದ. ಒಂದೇ ಕೇಬಲ್ಲಿನಲ್ಲಿ ಲೈವ್ ತಂತಿಯ ಜೊತೆ ಮೀಟರುಗಟ್ಟಲೆ ಒತ್ತಾಗಿ ಹೋಗುವ ಖಾಲಿ ತಂತಿ ಇಷ್ಟು ವೋಲ್ಟೇಜನ್ನು ಎರವಲು ಪಡೆಯುತ್ತದೆ, ಅದರ ಹಿಂದೆ ಶಕ್ತಿ ಇರುವುದಿಲ್ಲ. ಡಿಜಿಟಲ್ ಮೀಟರ್ ಬಹಳ ಕಡಿಮೆ ಕರೆಂಟ್ ಎಳೆಯುವುದರಿಂದ ಅದನ್ನೂ ಹಿಡಿದು ತೋರಿಸುತ್ತದೆ. ಸ್ವಲ್ಪ ಕರೆಂಟ್ ಎಳೆದು ಅಳೆಯುವ ಎರಡು ಮೊನೆಯ ಟೆಸ್ಟರಿನಲ್ಲಿ ನೋಡಿ, ಅದು ಮಾಯವಾಗುತ್ತದೆ. ಮಾಯವಾಗದಿದ್ದರೆ ಅದು ನಿಜವಾದ ಕರೆಂಟ್, ಜೋಪಾನ. ಮೇಲಿನ ಉತ್ತರಗಳಲ್ಲಿ "ಇದೆ, ಇಲ್ಲ" ಎಂದಿರುವುದೆಲ್ಲ ಇಂಥ ಟೆಸ್ಟರಿನ ಲೆಕ್ಕದಲ್ಲೇ. ಪೆನ್ನನ್ನು ನಂಬಿ ತಂತಿ ಮುಟ್ಟಲೂ ಬೇಡಿ, ವಾಲ್ವ್ ಕೊಳ್ಳಲೂ ಬೇಡಿ.

ಪ್ರಶ್ನೆ: ಜಂಕ್ಷನ್ ಪೆಟ್ಟಿಗೆ ತೆರೆದಾಗ ಹಸಿರು-ಹಳದಿ ತಂತಿಗೆ ಕಂದು ಟೇಪು ಸುತ್ತಿ ಲೈವ್ ಆಗಿ ಬಳಸಿದ್ದು ಕಂಡಿತು. ಟೇಪು ಸುತ್ತಿದ್ದರಿಂದ ಸರಿಯೇ?

ಉತ್ತರ: ಸರಿಯಲ್ಲ. ನೀಲಿ ತಂತಿಯನ್ನು ಲೈವ್ ಆಗಿ ಬಳಸಿದರೆ ತುದಿಗೆ ಕಂದು ಬಣ್ಣದ ಕೊಳವೆ ತೊಡಿಸಿ ಗುರುತಿಸಬಹುದು. ಹಸಿರು-ಹಳದಿಯನ್ನು ಮಾತ್ರ ಅರ್ತ್ ಬಿಟ್ಟು ಬೇರೆ ಯಾವುದಕ್ಕೂ, ಯಾವ ಗುರುತು ಹಾಕಿಯೂ, ಬ್ರಿಟಿಷ್ ವೈರಿಂಗ್ ನಿಯಮ ಬಿಎಸ್ 7671 ಒಪ್ಪುವುದಿಲ್ಲ. ತಂತಿ ಸಾಲದೆ ಹಾಗೆ ಮಾಡಿರುತ್ತಾರೆ, ಹಾಗಾಗಿ ಆ ಕೇಬಲ್ಲಿನ ಇನ್ನೊಂದು ತುದಿಯಲ್ಲಿರುವ ವಾಲ್ವೋ ಥರ್ಮೋಸ್ಟ್ಯಾಟೋ ಅರ್ತ್ ಇಲ್ಲದೆ ಇದೆ. ಲೋಹದ ವಾಲ್ವ್ ಆದರೆ ಇದನ್ನು ಇಂದೇ ಸರಿಮಾಡಿಸಬೇಕು: ಸ್ಪರ್ ಆಫ್ ಮಾಡಿ, ಐದು ತಂತಿಯ ಹೊಸ ಕೇಬಲ್ ಎಳೆಸಿ, ಆಮೇಲೆ ಆನ್ ಮಾಡಿ. 2004ಕ್ಕಿಂತ ಹಳೆಯ ಮನೆಯಾದರೆ ಪೆಟ್ಟಿಗೆಯಲ್ಲಿ ಕೆಂಪು ಲೈವ್, ಕಪ್ಪು ನ್ಯೂಟ್ರಲ್ ಕೂಡ ಇರಬಹುದು. ಹೀಟಿಂಗ್ ವೈರಿಂಗಿನಲ್ಲಿ ಆ ಕಪ್ಪು ಕೂಡ ಎಷ್ಟೋ ಕಡೆ ಸ್ವಿಚ್ಚಾದ ಲೈವ್ ಆಗಿರುತ್ತದೆ. ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ, ಪ್ರತಿ ತಂತಿಗೂ ಅದು ಇದ್ದ ಟರ್ಮಿನಲ್ಲಿನ ಸಂಖ್ಯೆ ಬರೆದ ಚೀಟಿ ಅಂಟಿಸಿ.